ಪಠ್ಯದಿಂದ ಜೀವವಿಕಾಸ ತೆಗೆದ್ರೆ ಪೋಷಕರು ಏನ್ ಮಾಡ್ಬಹುದು

ಡಾರ್ವಿನ್ ಪಾಠ, ಅಂದ್ರೆ ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗ್ತಾ ಹೊಸ ಪ್ರಭೇದಗಳಾಗುತ್ತವೆ ಅನ್ನೋ ಜೀವವಿಕಾಸದ ಪಾಠ ತೆಗೆದ್ರಂತೆ ಅಂತ ಸುದ್ದಿ ಬಂದಾಗೆಲ್ಲ ಎರಡು ದಿನ ಎಲ್ಲರೂ ಕೂಗಾಡ್ತಾರೆ, ಆಮೇಲೆ ಮರ್ತೇ ಹೋಗುತ್ತೆ, ಪಾಠ ಮಾತ್ರ ವಾಪಸ್ ಬರಲ್ಲ. ಇದು ನಿಜವಾಗ್ಲೂ ಬೇಜಾರಿನ ವಿಷಯ. ಹಾಗಾಗಿ ಏನಾದ್ರೂ ಆಗ್ಬೇಕು ಅಂತಿದ್ರೆ ಮೊದ್ಲು ಹಳೇ ಪುಸ್ತಕ ಹೊಸ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ.

ಕೇಂದ್ರದ ಪಠ್ಯಪುಸ್ತಕ ಮಾಡೋ ಸಂಸ್ಥೆ ಎನ್‌ಸಿಇಆರ್‌ಟಿಯ 10ನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಮುಂಚೆ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಂತ ಒಂದು ಪಾಠ ಇತ್ತು, ಕೋವಿಡ್ ಆದ್ಮೇಲೆ ಮಕ್ಕಳ ಹೊರೆ ಕಮ್ಮಿ ಮಾಡ್ತೀವಿ ಅಂತ ಹೇಳಿ ಅದನ್ನ ಬರೀ ಅನುವಂಶೀಯತೆ ಮಾಡಿದ್ರು. ಪಳೆಯುಳಿಕೆ, ಹೊಸ ಪ್ರಭೇದ ಹೇಗೆ ಹುಟ್ಟುತ್ತೆ ಅನ್ನೋದು, ಮಾನವನ ವಿಕಾಸ, ಡಾರ್ವಿನ್ ಬಗ್ಗೆ ಇದ್ದ ಬಾಕ್ಸ್ ಎಲ್ಲಾ ಹೋಯ್ತು. ಆದ್ರೆ 12ನೇ ಕ್ಲಾಸ್ ಬಯಾಲಜಿಯಲ್ಲಿ ವಿಕಾಸದ ಪಾಠ ಉಳ್ಕೊಂಡಿದೆ. ಇದು ಗೊತ್ತಿಲ್ದೆ ‘ವಿಕಾಸವಾದನೇ ಬ್ಯಾನ್ ಮಾಡಿದಾರೆ’ ಅಂತ ಬರೆದ್ರೆ ಎದುರಿನವರು 12ನೇ ಕ್ಲಾಸ್ ಪುಸ್ತಕ ತೋರಿಸಿ ಒಂದೇ ಮಾತಲ್ಲಿ ನಿಮ್ಮ ಬಾಯಿ ಮುಚ್ಚಿಸ್ತಾರೆ. ಹೇಳ್ಬೇಕಾಗಿರೋದು ಬೇರೆ, 10 ಆದ್ಮೇಲೆ ಕಾಮರ್ಸ್, ಆರ್ಟ್ಸ್ ತಗೊಳೋ ಮಕ್ಕಳು, ಸೈನ್ಸ್ ತಗೊಂಡ್ರೂ ಬಯಾಲಜಿ ಬಿಡೋ ಮಕ್ಕಳು, ಇವರ್ಯಾರೂ ಇನ್ನು ಜೀವಮಾನದಲ್ಲಿ ಕ್ಲಾಸಲ್ಲಿ ಕೂತು ಇದನ್ನ ಕಲಿಯಲ್ಲ. ನನ್ನ ಪ್ರಕಾರ ವಾದದ ಜೀವಾಳನೇ ಇದು, ಪತ್ರ ಬರೀರಿ, ಮೀಟಿಂಗಲ್ಲಿ ಮಾತಾಡಿ, ಇದನ್ನ ಬಿಡ್ಬೇಡಿ.

ಆಮೇಲೆ ಯಾರನ್ನ ಕೇಳ್ಬೇಕು ಅನ್ನೋದು. ಸ್ಕೂಲ್ ಪ್ರಿನ್ಸಿಪಾಲ್ ಮೇಲೆ ಕೂಗಿ ಪ್ರಯೋಜನ ಇಲ್ಲ, ಪುಸ್ತಕ ಮಾಡೋದು ಅವರಲ್ಲ. ಕೇಂದ್ರದ ಪುಸ್ತಕ ಆದ್ರೆ ಎನ್‌ಸಿಇಆರ್‌ಟಿ, ರಾಜ್ಯದ್ದಾದ್ರೆ ಆ ರಾಜ್ಯದ ಪಠ್ಯಪುಸ್ತಕ ವಿಭಾಗ. ಇಲ್ಲಿ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ, ತುಂಬಾ ಕೆಲಸಕ್ಕೆ ಬರುತ್ತೆ, ಕೇಂದ್ರದ ಸಂಸ್ಥೆಗೆ 10 ರೂಪಾಯಿ ಫೀಸ್, ಆನ್‌ಲೈನಲ್ಲೇ ಹಾಕ್ಬಹುದು, 30 ದಿನದಲ್ಲಿ ಉತ್ತರ ಕೊಡ್ಬೇಕು. ಆದ್ರೆ ‘ಯಾಕೆ ತೆಗೆದ್ರಿ’ ಅಂತ ಕೇಳ್ಬೇಡಿ! ಆರ್‌ಟಿಐಯಲ್ಲಿ ಸಿಗೋದು ಕಚೇರಿಯಲ್ಲಿ ಇರೋ ದಾಖಲೆ, ಅಭಿಪ್ರಾಯ ಅಲ್ಲ, ಅದೇ ನೆಪದಲ್ಲಿ ಅರ್ಜಿ ಮುಗಿಸ್ಬಿಡ್ತಾರೆ. ಈ ಭಾಗ ಕೈಬಿಡೋಕೆ ಶಿಫಾರಸು ಮಾಡಿದ ಸಮಿತಿಯಲ್ಲಿ ಯಾರ್ಯಾರಿದ್ರು, ಸಭೆಯ ನಡಾವಳಿ ಪ್ರತಿ ಕೊಡಿ, ವಿಷಯ ತಜ್ಞರು ಕೊಟ್ಟ ವರದಿ ಪ್ರತಿ ಕೊಡಿ, ಹೀಗೆ ಕೇಳಿ. ಉತ್ತರ ಬರ್ಲಿಲ್ಲ ಅಥವಾ ಅರ್ಧಂಬರ್ಧ ಬಂತು ಅಂದ್ರೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೂ 30 ದಿನದ ಗಡುವಿದೆ, ಮರೀಬೇಡಿ.

ಒಬ್ಬರೇ ಬರೆಯೋದಕ್ಕಿಂತ ಸೇರ್ಕೊಂಡು ಬರೆದ್ರೆ ತೂಕ ಜಾಸ್ತಿ. 2018ರಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು ಅಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಹೇಳಿಕೆ ಕೊಟ್ಟು ಅದನ್ನ ಒಪ್ಪಲಿಲ್ಲ. 2023ರಲ್ಲಿ ಈ ಪಾಠ ವಾಪಸ್ ತನ್ನಿ ಅನ್ನೋ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು, ಬೇರೆಯವರು ಸಹಿ ಹಾಕಿದ್ರು. ನಿಮ್ಮ ಪತ್ರ ಒಂದು ಪುಟ ಸಾಕು, ಯಾವ ಪುಸ್ತಕ, ಯಾವ ಪಾಠ, ಯಾವ ಭಾಗ, ವಾಪಸ್ ಸೇರಿಸಿ ಅನ್ನೋ ಬೇಡಿಕೆ, ಜೊತೆಗೆ ಸಂವಿಧಾನದ 51ಎ(ಎಚ್), ಅಂದ್ರೆ ವೈಜ್ಞಾನಿಕ ಮನೋಭಾವ ಬೆಳೆಸೋದು ನಾಗರಿಕರ ಕರ್ತವ್ಯ ಅನ್ನೋ ವಿಧಿ.

ದಯವಿಟ್ಟು ದೇವರನ್ನ ನಂಬೋರನ್ನ ಹೀಯಾಳಿಸ್ಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಅನ್ನೋ ಕಡೆ ಶಾಲಾ ಮಂಡಳಿ ‘ಇಂಟೆಲಿಜೆಂಟ್ ಡಿಸೈನ್’, ಅಂದ್ರೆ ಜೀವಿಗಳನ್ನ ಯಾವುದೋ ಬುದ್ಧಿಶಕ್ತಿ ರೂಪಿಸಿದೆ ಅನ್ನೋ ವಾದನ ಬಯಾಲಜಿ ಕ್ಲಾಸಿಗೆ ತಂದಾಗ 11 ಜನ ಪೋಷಕರು ಕೋರ್ಟಿಗೆ ಹೋದ್ರು, ಅವರ ಪರ ಸಾಕ್ಷಿ ಹೇಳಿದ ಕೆನೆತ್ ಮಿಲ್ಲರ್ ಅನ್ನೋ ಜೀವವಿಜ್ಞಾನಿ ಸ್ವತಃ ಕ್ಯಾಥೊಲಿಕ್, ನಂಬಿಕೆ ಇಟ್ಕೊಂಡೇ ವಿಕಾಸದ ಪರ ನಿಂತವರು. 2005ರ ಡಿಸೆಂಬರ್‌ನಲ್ಲಿ ಪೋಷಕರು ಗೆದ್ರು. ಅದಕ್ಕೂ ಒಂದು ತಿಂಗಳ ಮುಂಚೆ ಅಲ್ಲಿನ ವೋಟರ್‌ಗಳೇ ಮಂಡಳಿಯ ಆ ಸದಸ್ಯರನ್ನ ಸೋಲಿಸಿ ಮನೆಗೆ ಕಳ್ಸಿದ್ರು. ಅಮೆರಿಕದ್ದೇ ಇನ್ನೊಂದು ರಾಜ್ಯ ಕಾನ್ಸಾಸ್‌ನಲ್ಲಂತೂ ವಿಕಾಸನ ಪಠ್ಯಕ್ರಮದಿಂದ 1999ರಲ್ಲಿ ತೆಗೆದ್ರು, 2001ರಲ್ಲಿ ವಾಪಸ್ ತಂದ್ರು, 2005ರಲ್ಲಿ ಮತ್ತೆ ಕೆಡಿಸಿದ್ರು, 2007ರಲ್ಲಿ ಮತ್ತೆ ಸರಿ ಮಾಡಿದ್ರು, ಅಂದ್ರೆ ಒಂದ್ಸಲ ಗೆದ್ಮೇಲೂ ಕಣ್ಣಿಟ್ಟಿರ್ಬೇಕು.

ನಮ್ಮಲ್ಲಿ ಪಠ್ಯ ಮಂಡಳಿಗೆ ಚುನಾವಣೆ ಇಲ್ಲ, ಹಾಗಾಗಿ ಎಂಎಲ್ಎ, ಎಂಪಿಗೆ ಬರೀರಿ, ಸದನದಲ್ಲಿ ಪ್ರಶ್ನೆ ಹಾಕಿ ಅಂತ ಕೇಳಿ, ಮಂತ್ರಿಗಳ ಉತ್ತರ ದಾಖಲೆಯಲ್ಲಿ ಉಳಿಯುತ್ತೆ. ಪಠ್ಯಕ್ರಮದ ಕರಡು ಬಂದು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಕೊನೇ ದಿನದವರೆಗೆ ಕಾಯದೆ ನಿಮ್ಮ ಅಭಿಪ್ರಾಯ ಕಳ್ಸಿ.

ಇಷ್ಟೆಲ್ಲಾ ಆಗೋಕೆ ವರ್ಷಗಳೇ ಹಿಡೀಬಹುದು, ಅಷ್ಟರಲ್ಲಿ ನಿಮ್ಮ ಮಗು 10 ಪಾಸಾಗಿರುತ್ತೆ. ಅದಕ್ಕೆ ಪೋಷಕರ ಸಭೆಯಲ್ಲಿ ವಿಜ್ಞಾನದ ಮೇಷ್ಟ್ರನ್ನ, ಮೇಡಂನ ಪ್ರೀತಿಯಿಂದ ಕೇಳಿ, ಪರೀಕ್ಷೆಗೆ ಬರದಿದ್ರೂ ಪರ್ವಾಗಿಲ್ಲ, ಎರಡು ಪೀರಿಯಡ್ ಇದಕ್ಕೆ ಕೊಡ್ತೀರಾ ಅಂತ. ಹಳೇ ಪುಸ್ತಕದ ಆ ಪುಟಗಳನ್ನ ಜೆರಾಕ್ಸ್ ಮಾಡಿಸಿ ಕೊಡಿ. ಆಂಟಿಬಯಾಟಿಕ್ ಔಷಧಿಗೆ ಬ್ಯಾಕ್ಟೀರಿಯಾ ಬರಬರ್ತಾ ಯಾಕೆ ಬಗ್ಗಲ್ಲ (ಅದೂ ವಿಕಾಸನೇ) ಅನ್ನೋದ್ರಿಂದ ಶುರು ಮಾಡಿದ್ರೆ ಮಕ್ಕಳಿಗೆ ಬೇಗ ಅರ್ಥ ಆಗುತ್ತೆ, ಯಾರ ಜೊತೆಗೂ ಜಗಳನೂ ಆಗಲ್ಲ.