ಕೆಟಲ್‌ಬೆಲ್: ಕಸುವಿಗೆ ಒಂದು ಲೆಕ್ಕ, ದಮ್ಮಿಗೆ ಇನ್ನೊಂದು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಬೆಳಗಿನ ಓಟ, ನಡಿಗೆ ಎಲ್ಲ ನಿಂತಂತೆಯೇ. ಆ ನಾಲ್ಕು ತಿಂಗಳು ಜಗಲಿಯ ಮೂಲೆಯಲ್ಲೇ ಮೈ ಹುರಿಗೊಳಿಸಲು ಒಂದು ಕೆಟಲ್‌ಬೆಲ್ ಸಾಕು. ರಷ್ಯಾದಲ್ಲಿ ತೂಕದ ಬಟ್ಟಾಗಿದ್ದ ಈ ಹಿಡಿಕೆಯ ಗುಂಡಿನ ಹಳೆಯ ಅಳತೆ ‘ಪೂಡ್’, ಅಂದರೆ ಸುಮಾರು 16.4 ಕೆ.ಜಿ. 16, 24, 32 ಕೆ.ಜಿ. ಎಂಬ ಮೆಟ್ಟಿಲು ಬಂದದ್ದು ಅದರಿಂದಲೇ. ಆರೋಗ್ಯವಂತ ಗಂಡಸರು 12 ಅಥವಾ 16, ಹೆಂಗಸರು 8 ಅಥವಾ 12 ಕೆ.ಜಿ.ಯಿಂದ ಶುರು ಮಾಡಬಹುದು. ಹರ್ನಿಯಾ, ಡಿಸ್ಕ್ ತೊಂದರೆ, ಬಿ.ಪಿ., ಹೃದಯದ ಕಾಯಿಲೆ ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು.

ಬಹಳ ಮಂದಿ ಎಲ್ಲ ವ್ಯಾಯಾಮವನ್ನೂ ಇಪ್ಪತ್ತಿಪ್ಪತ್ತು ಸಲ ಮಾಡಿ, ಬೆವರು ಬಂತು, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಕಸುವೂ ಅರೆಬರೆ, ದಮ್ಮೂ ಅರೆಬರೆ. ಕಸುವು ಬೇಕೆಂದರೆ ತೂಕ ಹೆಚ್ಚು, ಎಣಿಕೆ ಕಡಿಮೆ, ವಿಶ್ರಾಂತಿ ಉದ್ದ. ದಮ್ಮಿಗೆ ಇದರ ತಿರುಗುಮುರುಗು.

<b>ಕಸುವಿಗೆ: ಪ್ರೆಸ್, ಗಾಬ್ಲೆಟ್ ಸ್ಕ್ವಾಟ್</b>

ಪ್ರೆಸ್ ಅಂದರೆ ಗುಂಡನ್ನು ಒಂದು ಕೈಯಲ್ಲಿ ಭುಜದ ಮಟ್ಟದಿಂದ ತಲೆಯ ಮೇಲಕ್ಕೆ ಎತ್ತುವುದು. ಆಗ ಗುಂಡು ಮುಂಗೈಯ ಹೊರಬದಿಗೆ ಒರಗಿರಲಿ, ಮಣಿಕಟ್ಟು ನೆಟ್ಟಗಿರಲಿ, ಮೊಣಕೈ ಪಕ್ಕೆಗೆ ಹತ್ತಿರವಿರಲಿ. ಹೊಟ್ಟೆ, ಪೃಷ್ಠ ಬಿಗಿಹಿಡಿದು ಮೇಲೆತ್ತಿ, ನಿಧಾನಕ್ಕೆ ಇಳಿಸಿ. ಬೆನ್ನು ಹಿಂದಕ್ಕೆ ಬಾಗಿತೆಂದರೆ ತೂಕ ಹೆಚ್ಚಾಯಿತು ಎಂದರ್ಥ. ಗಾಬ್ಲೆಟ್ ಸ್ಕ್ವಾಟ್‌ಗೆ ಹಿಡಿಕೆಯ ಎರಡು ಬದಿ ಹಿಡಿದು ಗುಂಡನ್ನು ಎದೆಗಿಟ್ಟುಕೊಂಡು, ಹಿಮ್ಮಡಿ ಏಳದಂತೆ, ಮೊಣಕೈಗಳು ಮಂಡಿಗಳ ಒಳಗೆ ಬರುವಷ್ಟು ಕೂರಬೇಕು.

ಎರಡನ್ನೂ 5 ಸಲದಂತೆ 4 ಸುತ್ತು, ನಡುವೆ 2ರಿಂದ 3 ನಿಮಿಷ ವಿಶ್ರಾಂತಿ. ಐದು ಮುಗಿದಾಗ ಇನ್ನೂ ಎರಡು ಎತ್ತುವಷ್ಟು ಶಕ್ತಿ ಉಳಿದಿದ್ದರೆ ತೂಕ ಸರಿಯಾಗಿದೆ. ಸ್ನಾಯುವಿನ ತತ್‌ಕ್ಷಣದ ಇಂಧನ ಮತ್ತೆ ತುಂಬಲು ಆ ನಿಮಿಷಗಳು ಬೇಕು. ಅವಸರ ಮಾಡಿದರೆ ಕಸುವಿನ ಅಭ್ಯಾಸ ದಮ್ಮಿನ ಅಭ್ಯಾಸವಾಗಿಬಿಡುತ್ತದೆ. ಮನೆಯಲ್ಲಿರುವುದು ಒಂದೇ ಗುಂಡು, ಅದೂ ಹಗುರಾಯಿತೇ? ಸ್ಕ್ವಾಟ್‌ನಲ್ಲಿ ಮೂರು ಎಣಿಸುತ್ತ ಇಳಿದು, ಕೆಳಗೆ ಎರಡು ಎಣಿಸುವವರೆಗೆ ಕೂತೇ ಇದ್ದು ಏಳಿ.

<b>ದಮ್ಮಿಗೆ: ಸ್ವಿಂಗ್</b>

ಇದನ್ನು ತಪ್ಪಾಗಿ ಕಲಿತವರೇ ಹೆಚ್ಚು. ಮೊದಲು ಗುಂಡಿಲ್ಲದೆ, ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಮಂಡಿಯನ್ನು ಸ್ವಲ್ಪವೇ ಸಡಿಲಿಸಿ, ಬೆನ್ನು ನೆಟ್ಟಗಿಟ್ಟು, ಪೃಷ್ಠ ಗೋಡೆಗೆ ತಾಗುವವರೆಗೆ ಹಿಂದಕ್ಕೆ ತಳ್ಳಿ. ತೊಡೆಯ ಹಿಂಭಾಗ ಎಳೆದಂತಾಗಬೇಕು. ಸ್ವಿಂಗ್‌ನ ಜೀವಾಳ ಇದೇ ಬಾಗು.

ಈಗ ಗುಂಡನ್ನು ಪಾದಗಳಿಂದ ಒಂದು ಅಡಿ ಮುಂದಿಟ್ಟು, ಹಾಗೆಯೇ ಬಾಗಿ ಎರಡೂ ಕೈಯಲ್ಲಿ ಹಿಡಿಯಿರಿ. ತೊಡೆಗಳ ನಡುವೆ ಹಿಂದಕ್ಕೆ ಬೀಸಿ, ಸೊಂಟವನ್ನು ಥಟ್ಟನೆ ಮುಂದೆ ತಂದು ನೆಟ್ಟಗೆ ನಿಲ್ಲಿ. ಗುಂಡು ಎದೆಮಟ್ಟಕ್ಕೆ ತಾನಾಗಿ ತೇಲಿ ಬರಬೇಕು. ಕೈಗಳು ಬರೀ ಹಗ್ಗ. ಮೇಲೆ ಬಂದಾಗ ಉಸಿರು ಹೊರಗೆ. ಆ ಕ್ಷಣ ಗುಂಡಿನ ತಳವನ್ನು ಗಮನಿಸಿ. ಅದು ಮುಂದಕ್ಕೆ ಮುಖ ಮಾಡಿದ್ದರೆ ಸೊಂಟ ಕೆಲಸ ಮಾಡಿದೆ, ನೆಲದ ಕಡೆ ಜೋತಿದ್ದರೆ ಭುಜದಿಂದ ಎತ್ತುತ್ತಿದ್ದೀರಿ. ಇಳಿಯುವಾಗ ತೋಳು ಪಕ್ಕೆಗೆ ತಾಗುವವರೆಗೂ ಬಾಗಬೇಡಿ. ಮೊದಲೇ ಬಾಗಿದರೆ ಗುಂಡು ಮೈಯಿಂದ ದೂರದಲ್ಲೇ ಇಳಿದು ಭಾರವೆಲ್ಲ ಟೊಂಕಕ್ಕೆ ಬೀಳುತ್ತದೆ. ಸ್ವಿಂಗ್ ಮಾಡಿದ ಮರುದಿನ ಟೊಂಕ ಹಿಡಿದುಕೊಳ್ಳುವುದು ಬಹುಮಟ್ಟಿಗೆ ಈ ಕಾರಣಕ್ಕೆ.

ಗಡಿಯಾರ ಎದುರಿಟ್ಟುಕೊಂಡು ಪ್ರತಿ ನಿಮಿಷದ ಆರಂಭದಲ್ಲಿ 10 ಸ್ವಿಂಗ್, ಉಳಿದ ಸಮಯ ಸುಧಾರಿಕೆ. ಹೀಗೆ 10 ನಿಮಿಷ. ಅದು ಹಗುರವಾದ ಮೇಲೆ ನಿಮಿಷಕ್ಕೆ 12 ಸ್ವಿಂಗ್, ಆಮೇಲೆ 15. ಮುಂದಿನ ನಿಮಿಷ ಬರುವಷ್ಟರಲ್ಲಿ ಒಂದು ಪುಟ್ಟ ವಾಕ್ಯ ಆಡಲೂ ಆಗದಿದ್ದರೆ ಎಣಿಕೆ ಇಳಿಸಿ.

ವಾರದಲ್ಲಿ ಸೋಮವಾರ, ಶುಕ್ರವಾರ ಕಸುವು, ಬುಧವಾರ ದಮ್ಮು. ಒಂದೇ ದಿನ ಎರಡೂ ಬೇಕಿದ್ದರೆ ಪ್ರೆಸ್, ಸ್ಕ್ವಾಟ್ ಮೊದಲು, ಸ್ವಿಂಗ್ ಕೊನೆಗೆ. ಅಡಿಕೆ ಕೊಯ್ಲು ಶುರುವಾದ ಮೇಲೆ ತಗ್ಗಿನ ತೋಟದಿಂದ ಅಂಗಳಕ್ಕೆ ಕೊನೆ (ಅಡಿಕೆ ಗೊನೆ) ಹೊರುವವರಿಗೆ ದಮ್ಮಿನ ಪಾಲು ಅಲ್ಲೇ ಸಿಗುತ್ತದೆ. ಅವರು ಬುಧವಾರದ ಸ್ವಿಂಗ್ ಬಿಟ್ಟು, ಕಸುವಿನ ಒಂದು ದಿನ ಉಳಿಸಿಕೊಂಡರೆ ಸಾಕು.

<b>ಜಗಲಿಯಲ್ಲಿ ಮಾಡುವಾಗ</b>

ಹಳೆಯ ಮನೆಗಳ ಮಾಡು ತಗ್ಗು. ಪ್ರೆಸ್‌ಗೆ ಮುಂಚೆ ಕೈ ಪೂರ್ತಿ ಮೇಲೆತ್ತಿ ನೋಡಿ, ಬೆರಳ ತುದಿಯಿಂದ ಜಂತಿಗೆ ಇನ್ನೂ ಒಂದು ಗೇಣು ಜಾಗವಿರಬೇಕು. ಇಲ್ಲದಿದ್ದರೆ ಮಂಡಿಯೂರಿ ಮಾಡಿ, ಕಸುವಿಗೇನೂ ಕಡಿಮೆಯಾಗದು. ರೆಡ್ ಆಕ್ಸೈಡ್ ನೆಲ ಗುಂಡಿನ ಏಟಿಗೆ ಬಿರಿಯುತ್ತದೆ, ಥಂಡಿಗೆ ಜಾರುತ್ತದೆ. ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಎರಡಕ್ಕೂ ಪರಿಹಾರ. ಮಳೆಗಾಲದಲ್ಲಿ ಎರಕದ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಬಚ್ಚಲ ಒಲೆಯ ಬಿಸಿ ತಾಗುವ ಕಡೆ ಇಡಿ. ಗುಂಡಿನ ಮೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಬಹುದು, ಹಿಡಿಕೆಗೆ ಮಾತ್ರ ಬೇಡ. ಸ್ವಿಂಗ್‌ನ ನಡುವೆ ಕೈ ಜಾರಿದರೆ ಗುಂಡು ಹೋಗುವುದು ನೇರ ಮುಂದಕ್ಕೆ, ಹಾಗಾಗಿ ಎದುರಿಗೆ ಮಕ್ಕಳು, ಕಿಟಕಿ ಇಲ್ಲದ ದಿಕ್ಕಿಗೆ ಮುಖ ಮಾಡಿ ನಿಲ್ಲಿ.