ಗೈಲಾರ್ಡಿಯಾ ಬುಡಕ್ಕೆ ಜಲ್ಲಿ ಹಾಕಿ ನೋಡಿ

ಬಿಸಿಲು ಜಾಸ್ತಿ, ನೀರು ಕಡಿಮೆ ಇರುವ ಜಾಗದಲ್ಲಿ ಗೈಲಾರ್ಡಿಯಾ ಹೂಗಿಡ ಬೆಳೆಸುವವರು ಬುಡದ ಸುತ್ತ ಒಣ ಎಲೆ ಮುಚ್ಚುವ ಬದಲು ಸಣ್ಣ ಜಲ್ಲಿ ಹರಡಿ. ಎರಡು ಇಂಚು ದಪ್ಪ ಸಾಕು. ಕೆಳಗಿನ ಮಣ್ಣಿನ ತೇವ ಬೇಗ ಆರುವುದಿಲ್ಲ, ಆದರೆ ಕಾಂಡ ಮಣ್ಣಿಗೆ ಸೇರುವ ಕಡೆ ಒಣಗಿಯೇ ಇರುತ್ತದೆ. ಈ ಗಿಡ ಬಾಯಾರಿ ಸಾಯುವುದಕ್ಕಿಂತ ಬುಡ ಕೊಳೆತು ಸಾಯುವುದೇ ಹೆಚ್ಚು ಅಲ್ವಾ! ಗೊಬ್ಬರ ಸುರಿಯುವುದೂ ಬೇಡ, ಸುಮ್ನೆ ಎಲೆ ತುಂಬಿಕೊಂಡು ಹೂ ಕಡಿಮೆಯಾಗುತ್ತದೆ. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮೊದಲು ಮಡಿ ಎತ್ತರಿಸಬೇಕು. ಹೊಸದಾಗಿ ನೆಟ್ಟ ಸಸಿಗೆ, ಜಲ್ಲಿ ಇದ್ದರೂ, ಬೇರು ಆಳಕ್ಕೆ ಇಳಿಯುವ ತನಕ ನೀರು ತಪ್ಪಿಸಬೇಡಿ.