ಹೋಲ್‌ಸ್ಟರ್ ಬಾಯಿಗೆ ಎರಡನೇ ಪದರ

ನಾನು ಮಾಡಿದ ಮೊದಲ ಹೋಲ್‌ಸ್ಟರ್ (ಪಿಸ್ತೂಲು ಇಡುವ ತೊಗಲಿನ ಚೀಲ) ಮೂರೇ ತಿಂಗಳಲ್ಲಿ ಬಾಯಿ ಮುಚ್ಚಿಕೊಂಡಿತು. ಸೋಮವಾರಪೇಟೆಯ ಭಾವ ನೋಡಿ, “ಇದೇನೋ, ಹಳೇ ಸಾಕ್ಸ್ ಥರ ಇದೆ” ಅಂದರು. ಆಮೇಲೆ ಬಾಯಿಗೆ ಎರಡನೇ ಪದರವಾಗಿ ತೊಗಲಿನ ಪಟ್ಟಿ ಹಾಕದೆ ಒಂದನ್ನೂ ಮಾಡಿಲ್ಲ.

ಮುಖ್ಯ ತೊಗಲು 3 ಮಿ.ಮೀ. ಇದ್ದರೆ ಪಟ್ಟಿಗೆ 2 ಮಿ.ಮೀ. ಸಾಕು. ಸುತ್ತ ಸ್ವಲ್ಪ ಜಾಸ್ತಿ ಬಿಟ್ಟೇ ಕತ್ತರಿಸಿ. ಅಂಟಿಸಿದ ಮೇಲೆ ಎರಡನ್ನೂ ಒಟ್ಟಿಗೆ ಕೊಯ್ದರೆ ಅಂಚು ಸಮ ಬರುತ್ತದೆ.

ನುಣುಪು ತೊಗಲಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪಟ್ಟಿ ಕೂರುವ ಜಾಗವನ್ನು ಮಾತ್ರ 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಚಪ್ಪಲಿಗೆ ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಸುಮ್ನೆ ಬಿಡಿ. ಬೆರಳಿಟ್ಟರೆ ಜಿಗುಟು ಅನ್ನಿಸಬೇಕು, ಆದರೆ ಅಂಟು ಬೆರಳಿಗೆ ಬರಬಾರದು. ಮಳೆಗಾಲದಲ್ಲಿ ಇದಕ್ಕೆ ಅರ್ಧ ಗಂಟೆಯೂ ಬೇಕಾಗಬಹುದು.

ಈಗ ಮುಖ್ಯವಾದ ಮಾತು. ಮೇಜಿನ ಮೇಲೆ ಚಪ್ಪಟೆಯಾಗಿ ಅಂಟಿಸಬೇಡಿ! ಮಡಚಿದಾಗ ಒಳಪದರ ಸುಕ್ಕಾಗುತ್ತದೆ. ನಾನು ಲಟ್ಟಣಿಗೆಯ ಮೇಲೆ ಬಗ್ಗಿಸಿ, ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತೇನೆ. (ಮನೆಯಲ್ಲಿ ಕೇಳಿಯೇ ತಗೊಳ್ಳಿ.) ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ರಾತ್ರಿಯಿಡೀ ಬಿಟ್ಟು ಹೊಲಿಯಿರಿ. ಅಂಚಿನಿಂದ 4 ಮಿ.ಮೀ. ಒಳಗೆ ಗೆರೆ, 4 ಮಿ.ಮೀ.ಗೊಂದು ತೂತು. ಮೇಣ ಸವರಿದ ದಾರ ಹೊಲಿಗೆಯ ಉದ್ದದ ನಾಲ್ಕೈದು ಪಟ್ಟು ಇರಲಿ. ದಾರದ ಎರಡೂ ತುದಿಗೆ ಒಂದೊಂದು ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾಟಬೇಕು. ಕೊನೆಗೆ ಮೂರು ತೂತು ಹಿಂದೆ ಬಂದು ದಾರ ಕತ್ತರಿಸಿ. ಪಕ್ಕದ ದೊಡ್ಡ ಹೊಲಿಗೆಗೆ ಮೊದಲೇ ಪಟ್ಟಿಯ ಹೊಲಿಗೆ ಮುಗಿಸಿಬಿಡಿ. ಆಮೇಲೆ ಒಳಗೆ ಕೈಯೇ ಹೋಗುವುದಿಲ್ಲ.